ಯಶೋದೆ ಮರೆತದ್ದು

ಚಿಕ್ಕ ಮಕ್ಕಳಿರುವ ಮನೆಯಲ್ಲಿ ನೆಮ್ಮದಿ ಎಲ್ಲಿಂದ ಬರಬೇಕು ಎಂಬುದು ಈಗ ಪಟ್ಟಣದ ಮನೆಮನೆಗಳಲ್ಲೂ ಕೇಳಿಬರುವ ಮಾತು. ಮಗು ಮಲಗಿದ ಮೇಲೆ ದೊರೆಯುವ ಒಂದು ಗಂಟೆಯೇ ಶಾಂತಿ. ಅದು ಎದ್ದಿರುವಷ್ಟು ಹೊತ್ತು ನಡೆಯುವುದೆಲ್ಲ ಗದ್ದಲ, ಗಡಿಬಿಡಿ ಎಂದು ನಾವು ಲೆಕ್ಕ ಹಾಕಿಬಿಟ್ಟಿದ್ದೇವೆ. ಸಂತೋಷವನ್ನೂ ಹಾಗೆಯೇ ಮುಂದಕ್ಕೆ ಹಾಕುತ್ತೇವೆ. ಮಗು ಸ್ವಲ್ಪ ದೊಡ್ಡದಾಗಲಿ, ಶಾಲೆಗೆ ಹೋಗಲಿ, ತನ್ನ ಊಟ ತಾನೇ ಮಾಡಲಿ, ಆಮೇಲೆ ನೋಡೋಣ ಎನ್ನುತ್ತೇವೆ. ಹೀಗೆ ಹೇಳುತ್ತಿರುವಾಗಲೇ ಮಗು ದೊಡ್ಡದಾಗಿಬಿಡುತ್ತದೆ ಎಂಬುದು ಬೇರೆ ಮಾತು.

ನಮ್ಮ ಹಿಂದಿನವರು ಈ ವಿಷಯದಲ್ಲಿ ಹೇಗಿದ್ದರು? ಈ ಪ್ರಶ್ನೆಗೆ ಎರಡು ಸುಲಭವಾದ ಉತ್ತರಗಳು ರೂಢಿಯಲ್ಲಿವೆ. ಹಿಂದೆ ಅವಿಭಕ್ತ ಕುಟುಂಬವಿತ್ತು, ಅಜ್ಜಿ ಇದ್ದಳು, ಅತ್ತೆ ಇದ್ದಳು, ಆದುದರಿಂದ ಎಲ್ಲರೂ ಸುಖವಾಗಿದ್ದರು ಎಂಬುದು ಒಂದು. ಹೆರುತ್ತಿದ್ದವರು ಎಂಟು ಹತ್ತು, ಉಳಿಯುತ್ತಿದ್ದವು ನಾಲ್ಕೈದು; ಒಂದೊಂದು ಮಗುವನ್ನೂ ಕಣ್ಣಿಟ್ಟು ನೋಡುವ ವ್ಯವಧಾನ ಅವರಿಗೆ ಎಲ್ಲಿತ್ತು ಎಂಬುದು ಇನ್ನೊಂದು. ಮೊದಲನೆಯದು ಹಂಬಲದಿಂದ ಹುಟ್ಟಿದ ಉತ್ತರ. ಎರಡನೆಯದು ಅಹಂಕಾರದಿಂದ ಹುಟ್ಟಿದ್ದು. ನಮ್ಮ ಭಾಷೆಯಲ್ಲಿ ಉಳಿದುಬಂದಿರುವ ಸಾಕ್ಷ್ಯವನ್ನು ನೋಡಿದರೆ ಇವೆರಡೂ ನಿಲ್ಲುವುದಿಲ್ಲ ಎಂದು ನನಗೆ ತೋರುತ್ತದೆ. ಆ ಸಾಕ್ಷ್ಯವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಇತಿಹಾಸಕಾರನಿಗೆ ಇಲ್ಲಿ ಮೊದಲನೆಯ ತೊಡಕು ಎದುರಾಗುತ್ತದೆ. ಶಾಸನಗಳಲ್ಲಿ ರಾಜರ ವಂಶಾವಳಿ ಉಂಟು, ಭೂದಾನ ಉಂಟು, ಊರಿನ ಎಲ್ಲೆಗಳುಂಟು. ತುರು ಕಾಯ್ದು ಸತ್ತ ವೀರನ ಹೆಸರೂ ಉಂಟು. ಅಂಗಳದಲ್ಲಿ ಅಂಬೆಗಾಲಿಡುತ್ತಿದ್ದ ಕೂಸಿನ ಸುದ್ದಿಯನ್ನು ಯಾರು ಕಲ್ಲಿನಲ್ಲಿ ಕೆತ್ತಿಸುತ್ತಾರೆ? ಆದರೂ ಒಂದು ಸ್ವಾರಸ್ಯವಿದೆ. ಬಾದಾಮಿಯ ಬಂಡೆಯ ಮೇಲೆ ಸುಮಾರು 700ರ ಹೊತ್ತಿಗೆ ಕೆತ್ತಿದ ಕಪ್ಪೆ ಅರಭಟ್ಟನ ಶಾಸನವಿದೆಯಷ್ಟೆ. ಆ ವೀರನನ್ನು ಹೊಗಳಿರುವ ಪದ್ಯಗಳು ತ್ರಿಪದಿಯಲ್ಲಿವೆ. ಕನ್ನಡದಲ್ಲಿ ನಮಗೆ ದೊರೆತಿರುವ ಅತ್ಯಂತ ಹಳೆಯ ತ್ರಿಪದಿಗಳು ಅವು. ಅದೇ ಮೂರು ಸಾಲಿನ ಮಟ್ಟು ಪಂಡಿತರ ಕಾವ್ಯಗಳ ಪಕ್ಕದಲ್ಲಿ ಸದ್ದಿಲ್ಲದೆ ಹರಿದು, ಸಾವಿರದ ಇನ್ನೂರು ವರ್ಷಗಳ ಅನಂತರ ಹಳ್ಳಿಯ ಹೆಂಗಸರ ಬಾಯಲ್ಲಿ ಕೂಸಿನ ಹಾಡಾಗಿ ಕೇಳಿಸಿತು. ಕಲ್ಲಿನ ಮೇಲೆ ವೀರನಿಗಾಗಿ ನಿಂತ ಮಾತು, ಬೀಸುವ ಕಲ್ಲಿನ ಮುಂದೆ ಮಗುವಿಗಾಗಿ ಓಡಾಡಿತು. ಆ ಹಾಡುಗಳಿಗೆ ಬರುವ ಮೊದಲು ಇನ್ನೊಂದು ಮನೆಗೆ ಹೋಗಿಬರಬೇಕು. ಅದು ಗೋಕುಲದಲ್ಲಿ ನಂದಗೋಪನ ಮನೆ.

ಭಾಗವತದ ದಶಮ ಸ್ಕಂಧದಲ್ಲಿ ಯಶೋದೆಯ ಒಂದು ದಿನದ ವರ್ಣನೆ ಬರುತ್ತದೆ. ಮನೆಯ ದಾಸಿಯರು ಬೇರೆ ಕೆಲಸಕ್ಕೆ ಹೋಗಿದ್ದಾರೆ. ಯಶೋದೆ ತಾನೇ ಮೊಸರು ಕಡೆಯುತ್ತ ಕುಳಿತಿದ್ದಾಳೆ. ಕಡೆಯುತ್ತ ಕಡೆಯುತ್ತ ಮಗನ ಆಟಗಳನ್ನೇ ನೆನೆದು ಹಾಡಿಕೊಳ್ಳುತ್ತಿದ್ದಾಳೆ. ಮಗ ಬಂದು ಕಡೆಗೋಲು ಹಿಡಿದು ನಿಲ್ಲಿಸುತ್ತಾನೆ, ಹಾಲು ಬೇಕೆನ್ನುತ್ತಾನೆ. ಅವನನ್ನು ತೊಡೆಯ ಮೇಲೆ ಹಾಕಿಕೊಂಡು ಹಾಲೂಡುತ್ತಿರುವಾಗ ಒಲೆಯ ಮೇಲಿನ ಹಾಲು ಉಕ್ಕುತ್ತದೆ. ಅವನನ್ನು ಕೆಳಗಿಳಿಸಿ ಓಡುತ್ತಾಳೆ. ಅವನಿಗೆ ಕೋಪ, ಮೊಸರಿನ ಗಡಿಗೆ ಒಡೆಯುತ್ತದೆ. ಆಮೇಲೆ ಬೆನ್ನಟ್ಟುವುದು, ಹಿಡಿಯುವುದು, ಒರಳಿಗೆ ಕಟ್ಟುವುದು. ಕಟ್ಟಹೋದರೆ ಹಗ್ಗ ಎರಡು ಅಂಗುಲ ಸಾಲದು! ಇದನ್ನು ಬರೆದವನು ಎಳೆಯ ಮಗುವಿನ ಮನೆಯ ಬೆಳಗನ್ನು ಹತ್ತಿರದಿಂದ ಕಂಡವನೇ ಸರಿ. ಕೆಲಸ, ಹಾಡು, ಅಳು, ಉಕ್ಕುವ ಹಾಲು, ಒಡೆದ ಮಡಕೆ ಎಲ್ಲ ಒಂದೇ ಗಳಿಗೆಯಲ್ಲಿವೆ. ಯಶೋದೆಯ ಸಂತೋಷ ಇದೆಲ್ಲ ಮುಗಿದ ಮೇಲೆ ಬರುವುದಲ್ಲ; ಇದರ ಒಳಗೇ ಇರುವುದು.

ಇದಕ್ಕೆ ತುಸು ಮುಂಚೆ, ಮಣ್ಣು ತಿಂದ ಪ್ರಸಂಗದಲ್ಲಿ, ಇನ್ನೂ ದೊಡ್ಡದೊಂದು ಮಾತು ಬರುತ್ತದೆ. ಬಾಯಿ ತೆರೆ ಎಂದು ತಾಯಿ ಗದರಿಸಿದಾಗ ಅಲ್ಲಿ ಬ್ರಹ್ಮಾಂಡವೇ ಕಾಣಿಸಿತೆಂಬುದು ಎಲ್ಲರಿಗೂ ಗೊತ್ತಿರುವ ಕಥೆ. ಅದರ ಕೊನೆಯನ್ನು ಮಾತ್ರ ನಾವು ಅಷ್ಟಾಗಿ ಗಮನಿಸುವುದಿಲ್ಲ. ಬ್ರಹ್ಮಾಂಡವನ್ನು ಕಂಡ ಯಶೋದೆ ಬೆದರಿದಳು. ಇದು ಕನಸೋ, ತನ್ನ ಬುದ್ಧಿಗೇ ಭ್ರಮೆಯೋ ಎಂದು ತತ್ತರಿಸಿದಳು. ಆಗ ಭಗವಂತನ ಮಾಯೆ ಅವಳನ್ನು ಮುಸುಕಿತು. ಕಂಡದ್ದು ಆ ಕ್ಷಣವೇ ಮರೆತುಹೋಯಿತು. ಅವಳು ಮಗನನ್ನೆತ್ತಿ ಮೊದಲಿನಂತೆ ತೊಡೆಯ ಮೇಲೆ ಕೂರಿಸಿಕೊಂಡಳು. ಕಂಡದ್ದು ಎಷ್ಟು ದೊಡ್ಡ ವರವೋ ಮರೆತದ್ದೂ ಅಷ್ಟೇ ದೊಡ್ಡ ವರ. ಬಾಯೊಳಗೆ ಬ್ರಹ್ಮಾಂಡವನ್ನು ಕಾಣುತ್ತಲೇ ಇದ್ದರೆ ಆ ಬಾಯಿಗೆ ತುತ್ತು ಇಡುವುದು ಹೇಗೆ?

ಕನ್ನಡದ ಹರಿದಾಸರು ಈ ಗುಟ್ಟನ್ನು ಚೆನ್ನಾಗಿ ಬಲ್ಲವರಾಗಿದ್ದರು. ಹದಿನೈದು ಹದಿನಾರನೆಯ ಶತಮಾನಗಳಲ್ಲಿ, ವಿಜಯನಗರದ ವೈಭವದ ದಿನಗಳಲ್ಲಿ, ಶ್ರೀಪಾದರಾಜರು, ಪುರಂದರದಾಸರು, ಕನಕದಾಸರು ಮೊದಲಾದವರು ದೇವರನ್ನು ಹಾಡಿದರು. ಸಾಮ್ರಾಜ್ಯದ ನೆರಳಿನಲ್ಲಿ ಹುಟ್ಟಿದ ಈ ಪದಗಳಲ್ಲಿ ದೇವರು ಎಷ್ಟೋ ವೇಳೆ ಚಕ್ರವರ್ತಿಯಲ್ಲ. ಬೆಣ್ಣೆ ಮೆತ್ತಿದ ಮೋರೆಯ ಹುಡುಗ. ಲೋಕವನ್ನು ಉದ್ಧರಿಸುವವನನ್ನೇ ಆಡಿಸುತ್ತ ಕುಳಿತ ಯಶೋದೆಯ ಭಾಗ್ಯವನ್ನು ಪುರಂದರದಾಸರು ಬೆರಗಿನಿಂದ ಹಾಡಿದ್ದಾರೆ. ಅಮ್ಮ ಗುಮ್ಮನನ್ನು ಕರೆಯುತ್ತಾಳೆಂದು ಹೆದರಿದ ಕೃಷ್ಣ, ಇನ್ನು ಮೇಲೆ ಯಾವ ತುಂಟತನವನ್ನೂ ಮಾಡುವುದಿಲ್ಲವೆಂದು ಬೇಡಿಕೊಳ್ಳುವ ಕೀರ್ತನೆ ಇಂದಿಗೂ ಕಛೇರಿಗಳಲ್ಲಿ ಕೇಳಿಬರುತ್ತದೆ. ಅಲ್ಲಿ ಮಾತಾಡುವುದು ಮಗು. ದೊಡ್ಡವರು ಬೆದರಿಸುವುದನ್ನು ಮಗುವಿನ ಕಿವಿಯಿಂದ ಕೇಳಿ, ಮಗುವಿನ ಬಾಯಿಂದ ಹೇಳಿಸಿದ್ದು ಸಾಮಾನ್ಯವಾದ ಕೆಲಸವಲ್ಲ. ಗುಮ್ಮನ ಹೆಸರು ಹೇಳಿ ಹೆದರಿಸುವ ತಾಯಿ, ಈ ಪದವನ್ನು ತಾನೇ ಹಾಡುವಾಗ, ಹೆದರಿದವನ ಜಾಗದಲ್ಲಿ ನಿಂತು ನೋಡಬೇಕಾಗುತ್ತದೆ. ಎಳೆಯರು ಸಂಗೀತ ಕಲಿಯಲು ಮೊದಲು ಹಾಡುವ ಸರಳೆ ವರಸೆಗಳನ್ನು ಏರ್ಪಡಿಸಿದವರೂ ಪುರಂದರದಾಸರೇ ಎಂದು ಸಂಪ್ರದಾಯ ಹೇಳುತ್ತದೆ. ಮಕ್ಕಳ ಗಂಟಲನ್ನು ಬಲ್ಲವರು ಮಕ್ಕಳ ಭಯವನ್ನೂ ಬಲ್ಲವರಾಗಿದ್ದರೆ ಆಶ್ಚರ್ಯವಿಲ್ಲ.

ದಾಸರ ಪದಗಳು ತಂಬೂರಿ ಚಿಟಿಕೆಗಳೊಡನೆ ಬೀದಿಯಲ್ಲಿ ನಡೆದು, ಹೊಸಿಲು ದಾಟಿ, ಮನೆಯ ಹೆಂಗಸರ ನಾಲಗೆಯ ಮೇಲೆ ನಿಂತವು. ಆದರೆ ಹೆಂಗಸರಿಗೆ ಅದಕ್ಕೂ ಹಿಂದಿನಿಂದ ತಮ್ಮವೇ ಆದ ಹಾಡುಗಳಿದ್ದವು. ಅವುಗಳಿಗೆ ಅಂಕಿತವಿಲ್ಲ, ಓಲೆಗರಿಯಿಲ್ಲ. ಅವನ್ನು ಅಚ್ಚಿಗೆ ತಂದ ಕೀರ್ತಿ ಬಿಜಾಪುರ ಜಿಲ್ಲೆಯ ಹಲಸಂಗಿ ಎಂಬ ಹಳ್ಳಿಯ ಗೆಳೆಯರ ಗುಂಪಿಗೆ ಸೇರಿದ್ದು. ಮಧುರಚೆನ್ನ, ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಇವರು ಸುತ್ತಲಿನ ಹೆಣ್ಣುಮಕ್ಕಳ ಬಾಯಿಂದ ಕೇಳಿ ಬರೆದುಕೊಂಡ ಪದಗಳು 1931ರಲ್ಲಿ ‘ಗರತಿಯ ಹಾಡು’ ಎಂಬ ಹೆಸರಿನಿಂದ ಪುಸ್ತಕವಾದವು. ಹೊಸಗನ್ನಡದ ಕವಿಗಳು ಇಂಗ್ಲಿಷಿನ ಕಡೆಗೆ ನೋಡುತ್ತಿದ್ದ ಕಾಲದಲ್ಲಿ, ಅಕ್ಷರವನ್ನೇ ಅರಿಯದ ತಮ್ಮ ಅಕ್ಕತಂಗಿಯರು ಕವಿಗಳೆಂಬುದು ಓದಿದವರಿಗೆ ಗೊತ್ತಾದದ್ದು ಹೀಗೆ.

ಆ ಹಾಡುಗಳು ಹುಟ್ಟಿದ ಬಗೆಯನ್ನು ತಿಳಿಯದೆ ಅವುಗಳ ಅರ್ಥ ತಿಳಿಯದು. ಹೊತ್ತು ಮೂಡುವುದಕ್ಕೆ ಎಷ್ಟೋ ಮುಂಚೆ ಹೆಂಗಸರು ಏಳಬೇಕಾಗಿತ್ತು. ಅಂದಿನ ರೊಟ್ಟಿಗೆ ಬೇಕಾದ ಜೋಳವನ್ನು ಅಂದೇ ಬೀಸಬೇಕು. ಬೀಸುವ ಕಲ್ಲಿನ ಎದುರುಬದುರಿಗೆ ಇಬ್ಬರು ಕೂರುವುದುಂಟು. ಒಬ್ಬಳೇ ಕೂರುವುದೂ ಉಂಟು. ಬಲಗೈ ಗೂಟದ ಮೇಲೆ, ಎಡಗೈಯಲ್ಲಿ ಒಂದೊಂದು ಹಿಡಿ ಜೋಳ. ಚಾಚಿದ ಕಾಲ ಮೇಲೆ ಕೂಸು ಮಲಗಿರುತ್ತದೆ, ಇಲ್ಲವೆ ಪಕ್ಕದ ತೊಟ್ಟಿಲಲ್ಲಿರುತ್ತದೆ. ತೊಟ್ಟಿಲ ಹಗ್ಗ ಕಾಲಿನ ಬೆರಳಿಗೆ ಸಿಕ್ಕಿರುತ್ತದೆ. ಕಲ್ಲಿನ ಸುತ್ತಿಗೆ ಸರಿಯಾಗಿ ಮೂರು ಸಾಲಿನ ಪದ ಸುತ್ತುತ್ತದೆ. ಮೊದಲು ಕಲ್ಲಿಗೂ ದೇವರಿಗೂ ನಮಸ್ಕಾರ. ಆಮೇಲೆ ತವರು, ಅಣ್ಣತಮ್ಮಂದಿರು, ಗಂಡ, ಅತ್ತೆಯ ಕಾಟ. ಇವುಗಳ ನಡುನಡುವೆ ಮತ್ತೆ ಮತ್ತೆ ಕೂಸು.

ಕೂಸಿನ ಮೇಲಿನ ಆ ತ್ರಿಪದಿಗಳಲ್ಲಿ ದೊಡ್ಡ ಸಂಗತಿ ಯಾವುದೂ ಇಲ್ಲ. ಅಳುವ ಮಗುವಿನ ತುಟಿಯ ಬಣ್ಣ, ಹುಬ್ಬಿನ ಡೊಂಕು, ಧೂಳು ಮೆತ್ತಿದ ಅಂಗಾಲು, ಆಡಿ ಬಂದವನ ಕಾಲು ತೊಳೆಯುವ ನೀರು ಇಷ್ಟೇ. ಅಳು ಎಂದರೆ ನಮಗೆ ಕೂಡಲೆ ನಿಲ್ಲಿಸಬೇಕಾದ ಸದ್ದು. ಆ ತಾಯಿಯಾದರೋ ಅಳುವ ಮೋರೆಯನ್ನೇ ನಿಂತು ನೋಡಿ ಅದರಲ್ಲಿ ಹವಳವನ್ನೂ ಬೇವಿನ ಎಸಳನ್ನೂ ಕಂಡಳು. ಕೂಸು ಓಡಾಡುವ ಮನೆಗೆ ಬೀಸಣಿಗೆಯೇ ಬೇಡವೆಂದಳು ಇನ್ನೊಬ್ಬಳು. ಮಗುವಿನ ಓಡಾಟವೇ ಅವಳಿಗೆ ಗಾಳಿ. ಬಿಜಾಪುರ ಸೀಮೆಯ ಬೇಸಗೆಯನ್ನು ಕಂಡವರಿಗೆ ಆ ಮಾತಿನ ಬೆಲೆ ತಿಳಿಯುತ್ತದೆ.

ಈ ಪದಗಳನ್ನು ತರಗತಿಯಲ್ಲಿ ಪಾಠ ಹೇಳುತ್ತಿದ್ದಾಗ ಒಬ್ಬ ವಿದ್ಯಾರ್ಥಿನಿ ನನ್ನನ್ನು ಕೇಳಿದಳು: ‘ಅಷ್ಟು ಕೆಲಸದ ನಡುವೆ ಮಗುವನ್ನು ಹೀಗೆ ನೋಡೋದಕ್ಕೆ ಅವರಿಗೆ ಹೊತ್ತು ಎಲ್ಲಿತ್ತು ಸಾರ್?’ ಪ್ರಶ್ನೆ ಸರಿಯಾದದ್ದು. ಉತ್ತರವೂ ಆ ಪ್ರಶ್ನೆಯಲ್ಲೇ ಇದೆ. ಹೊತ್ತು ಇರಲಿಲ್ಲ. ಮಗುವಿಗೆಂದೇ ತೆಗೆದಿಟ್ಟ ಹೊತ್ತು ಆ ಹೆಂಗಸರ ದಿನದಲ್ಲಿ ಒಂದು ಗಳಿಗೆಯೂ ಇರಲಿಲ್ಲ. ಕೈ ಕಲ್ಲಿನ ಮೇಲಿದ್ದಾಗ ಕಣ್ಣು ಮಗುವಿನ ಮೇಲಿತ್ತು, ಅಷ್ಟೆ. ಬೀಸುವ ಕೆಲಸ ಕೈಯನ್ನು ಕಟ್ಟಿಹಾಕುತ್ತದೆ, ಮನಸ್ಸನ್ನು ಬಿಟ್ಟುಕೊಡುತ್ತದೆ. ಹಾಗೆ ಬಿಡುವಾದ ಮನಸ್ಸನ್ನು ಅವರು ಚಿಂತೆಗೆ ಪೂರ್ತಿಯಾಗಿ ಒಪ್ಪಿಸದೆ ಒಂದು ಪಾಲನ್ನು ಹಾಡಿಗೆ ಕೊಟ್ಟರು. ಜೋಗುಳವೆಂದರೆ ಮಗುವನ್ನು ಮಲಗಿಸುವ ಉಪಾಯವೆಂದು ನಾವು ತಿಳಿಯುತ್ತೇವೆ. ಒಂದೇ ಉಯ್ಯಲಿನ ಗತಿಯಲ್ಲಿ ಹತ್ತಾರು ಸಲ ಅದೇ ಮಾತನ್ನು ಹೇಳಿದಾಗ ಮೊದಲು ಸಮಾಧಾನವಾಗುವುದು ಹೇಳುವವಳ ಉಸಿರು. ಮಗು ಆ ಉಸಿರನ್ನು ಅನುಸರಿಸಿ ಮಲಗುತ್ತದೆ. ಹೊಲದ ಬದುವಿನ ಮರದ ಕೊಂಬೆಗೆ ಸೀರೆಯ ಜೋಲಿ ಕಟ್ಟಿ ಕಳೆ ಕೀಳುತ್ತಿದ್ದ ಕೂಲಿ ಹೆಂಗಸಿಗೂ ಈ ವಿದ್ಯೆ ತಿಳಿದಿತ್ತು.

ಇದನ್ನು ಹೇಳಿದ ಮಾತ್ರಕ್ಕೆ ಆ ಕಾಲ ಬಂಗಾರದ ಕಾಲವಾಗುವುದಿಲ್ಲ. ಅವೇ ಹಾಡುಗಳಲ್ಲಿ ಬಂಜೆಯೆನಿಸಿಕೊಂಡವಳ ಸಂಕಟವೂ ಇದೆ. ತೊಟ್ಟಿಲು ತೂಗುವ ಮನೆಯ ಹಿಗ್ಗನ್ನು ಹಾಡಿದ ಸಮಾಜವೇ ತೊಟ್ಟಿಲಿಲ್ಲದವಳನ್ನು ಶುಭಕಾರ್ಯದ ಮುಂಭಾಗಕ್ಕೆ ಬರಗೊಡುತ್ತಿರಲಿಲ್ಲ. ಇನ್ನು ಗಂಡಸರು? ಕೂಸಿನ ಹಾಡುಗಳಲ್ಲಿ ತಂದೆ ಕಾಣಿಸಿಕೊಳ್ಳುವುದು ಅಪರೂಪ. ಕಾಣಿಸಿಕೊಂಡರೂ ಬಾಗಿಲ ಹೊರಗೆ. ಒಂದು ಇಡೀ ಆನಂದದಿಂದ ಅವನು ತನ್ನನ್ನು ತಾನೇ ಹೊರಗಿಟ್ಟುಕೊಂಡಿದ್ದನೆಂದು ಹೇಳಬೇಕು.

ಎಲ್ಲಕ್ಕಿಂತ ಹೆಚ್ಚಾಗಿ ನಾವು ನೆನಪಿಡಬೇಕಾದದ್ದು ಸಾವು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಬ್ರಿಟಿಷ್ ಇಂಡಿಯಾದ ಲೆಕ್ಕಪತ್ರಗಳ ಪ್ರಕಾರ ಹುಟ್ಟಿದ ಪ್ರತಿ ಸಾವಿರ ಶಿಶುಗಳಲ್ಲಿ ಸುಮಾರು 200 ಶಿಶುಗಳು ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. ಸಿಡುಬು ಇತ್ತು, ವಾಂತಿಭೇದಿ ಇತ್ತು. ಮಲೆನಾಡಿನಲ್ಲಿ ಮಲೇರಿಯಾ ಇತ್ತು. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು 1898ರಲ್ಲಿ ಬೆಂಗಳೂರನ್ನು ಮುಟ್ಟಿತು. 1918ರ ಇನ್‌ಫ್ಲುಯೆಂಜಾ ಈ ದೇಶದಲ್ಲಿ ಒಂದು ಕೋಟಿಗೂ ಮೀರಿ ಜನರನ್ನು ಕೊಂಡೊಯ್ದಿತು. ಹಲಸಂಗಿಯ ಗೆಳೆಯರಿಗೆ ಹಾಡಿದ ಹೆಂಗಸರು ಆ ವರ್ಷವನ್ನು ದಾಟಿ ಬಂದವರು. ಕೂಸನ್ನು ಹಾಡಿ ಹೊಗಳಿದವಳು ಇನ್ನೊಂದು ಕೂಸನ್ನು ಮಣ್ಣಿಗೆ ಕೊಟ್ಟಿರಬಹುದಾದವಳು ಎಂಬುದನ್ನು ಬಿಟ್ಟು ಆ ಹಾಡುಗಳನ್ನು ಓದಬಾರದು.

ಆ ಭಯ ನಮ್ಮ ಆಚಾರಗಳಲ್ಲಿ ಇನ್ನೂ ಉಳಿದಿದೆ. ಮಗುವಿನ ಕೆನ್ನೆಗೆ ಇಡುವ ಕಪ್ಪು ಬೊಟ್ಟು, ಉಪ್ಪು ಮೆಣಸಿನಕಾಯಿ ನಿವಾಳಿಸುವುದು, ಮಗು ಚೆನ್ನಾಗಿದೆ ಎಂದು ಬಾಯಿ ಬಿಟ್ಟು ಹೇಳದಿರುವುದು ಎಲ್ಲವೂ ಅದರ ಗುರುತುಗಳು. ಹುಟ್ಟಿದ ಮಕ್ಕಳು ಒಂದೊಂದಾಗಿ ಸತ್ತ ಮನೆಯಲ್ಲಿ ಮುಂದಿನ ಮಗುವನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪ ಎಂದೋ, ಕಲ್ಲಿನಂತಿರಲಿ ಎಂದು ಗುಂಡ ಎಂದೋ ಹೆಸರಿಡುತ್ತಿದ್ದರು. ಯಮನ ಕಣ್ಣಿಗೆ ಇದು ಬೇಡದ ವಸ್ತುವಾಗಿ ಕಾಣಲಿ ಎಂಬ ಮುಗ್ಧವಾದ ಹಂಚಿಕೆ ಅದು. ತಿಪ್ಪಯ್ಯ, ಗುಂಡಪ್ಪ ಎಂಬ ಹೆಸರುಗಳನ್ನು ಕೇಳಿ ನಗುವವರು ಅವುಗಳ ಹಿಂದೆ ಬರಿದಾದ ಎಷ್ಟು ತೊಟ್ಟಿಲುಗಳಿದ್ದವೋ ಎಂದು ಒಂದು ಕ್ಷಣ ಯೋಚಿಸಬೇಕು.

ಫ್ರಾನ್ಸಿನ ಇತಿಹಾಸಕಾರ ಫಿಲಿಪ್ ಆರಿಯೆ 1960ರಲ್ಲಿ ಪ್ರಕಟಿಸಿದ ಒಂದು ಪ್ರಸಿದ್ಧ ಗ್ರಂಥದಲ್ಲಿ, ಮಧ್ಯಯುಗದ ಸಮಾಜಕ್ಕೆ ಬಾಲ್ಯವೆಂಬ ಪ್ರತ್ಯೇಕ ಕಲ್ಪನೆಯೇ ಇರಲಿಲ್ಲವೆಂದು ವಾದಿಸಿದನು. ಯಾವಾಗ ಕೈಬಿಟ್ಟು ಹೋಗುವುದೋ ತಿಳಿಯದ ಕೂಸಿನ ಮೇಲೆ ಹಿಂದಿನವರು ಬಹಳ ಮನಸ್ಸಿಡಲಾರದೆ ಹೋದರೆಂಬುದು ಅವನ ವಾದದ ಒಂದು ಅಂಗ. ಮುಂದಿನ ವಿದ್ವಾಂಸರು ಯುರೋಪಿನ ಮಟ್ಟಿಗೂ ಅದನ್ನು ಪೂರ್ತಿಯಾಗಿ ಒಪ್ಪಲಿಲ್ಲ. ಕನ್ನಡದ ಮಟ್ಟಿಗೆ ನಮ್ಮ ಗರತಿಯರ ಸಾಕ್ಷ್ಯ ಸಾಕು. ಕಳೆದುಕೊಳ್ಳುವ ಭಯ ಅವರ ಕಣ್ಣನ್ನು ಮಂಕಾಗಿಸಲಿಲ್ಲ, ಹರಿತಗೊಳಿಸಿತು. ನಾಳೆ ಇರುತ್ತದೆ ಎಂಬ ಭರವಸೆ ಇಲ್ಲದವರು ಇಂದಿನ ತುಟಿಯನ್ನು, ಇಂದಿನ ಅಂಗಾಲನ್ನು ನೋಡಿದರು. ತನ್ನ ಮಗು ಸತ್ತು ಮಲಗಿರುವಾಗ ಹೆಂಡತಿಯ ನೋಟವನ್ನು ಎದುರಿಸಲಾರದ ಗಂಡನ ಮಾತಾಗಿ ಬೇಂದ್ರೆಯವರು ಬರೆದ ಕವನವನ್ನು ಕನ್ನಡಿಗರೆಲ್ಲ ಬಲ್ಲರು. ಬಾಗಿಲ ಹೊರಗಿದ್ದ ತಂದೆ ಹೊಸಗನ್ನಡದಲ್ಲಿ ಒಳಗೆ ಬಂದನು. ಬಂದದ್ದು ದುಃಖದ ಬಾಗಿಲಿಂದ, ಆದರೂ ಬಂದನು.

ಅದೇ ಹೊತ್ತಿಗೆ ಮನೆಯ ರೀತಿಯೂ ಬದಲಾಗುತ್ತಿತ್ತು. ಬೆಂಗಳೂರು, ಮೈಸೂರು, ಧಾರವಾಡ, ಮಂಗಳೂರುಗಳಲ್ಲಿ ಕಚೇರಿಗೆ ಹೋಗುವ ತಂದೆ, ಗೋಡೆಯ ಗಡಿಯಾರ, ಶಾಲೆಯ ಗಂಟೆ ಇವು ಮೂರೂ ಸೇರಿ ಹೊಸ ಸಂಸಾರವನ್ನು ಕಟ್ಟಿದವು. ಗಡಿಯಾರಕ್ಕೂ ಎಳೆಯ ಮಗುವಿಗೂ ಎಂದೂ ಸ್ನೇಹವಿಲ್ಲ. ಹತ್ತು ಗಂಟೆಗೆ ಕಚೇರಿಯಲ್ಲಿರಬೇಕಾದವನಿಗೆ, ಅಂಗಿಯ ಗುಂಡಿಯನ್ನು ತಾನೇ ಹಾಕಿಕೊಳ್ಳುತ್ತೇನೆಂದು ಹಟ ಮಾಡುವ ಮೂರು ವರ್ಷದ ಮಗ ಅಡ್ಡಿಯಾಗಿಯೇ ಕಾಣುತ್ತಾನೆ. ಶಾಲೆಯಲ್ಲಾದರೆ ಬೆತ್ತವಿತ್ತು. ಸದ್ದು ಮಾಡದ ಮಗುವೇ ಒಳ್ಳೆಯ ಮಗು ಎಂಬ ನಂಬಿಕೆ ಬಲವಾಯಿತು.

ಇದಕ್ಕೆ ಎದುರಾಗಿ ನಿಂತ ಕೆಲವರನ್ನು ಇಲ್ಲಿ ನೆನೆಯಬೇಕು. ಪಂಜೆ ಮಂಗೇಶರಾಯರು (1874-1937) ಉಪಾಧ್ಯಾಯರಾಗಿ, ಶಾಲಾ ಇನ್‌ಸ್ಪೆಕ್ಟರಾಗಿ ದಕ್ಷಿಣ ಕನ್ನಡದಲ್ಲಿ ದುಡಿದವರು. ಇನ್‌ಸ್ಪೆಕ್ಟರು ಬರುತ್ತಾರೆಂದರೆ ಮೇಷ್ಟರೇ ನಡುಗುತ್ತಿದ್ದ ಕಾಲ ಅದು. ಆ ಇನ್‌ಸ್ಪೆಕ್ಟರು ಬರೆದದ್ದು ಇಲಿಗಳ ಕುಣಿತವನ್ನು, ಸಿಗಡಿ ಏಕೆ ಒಣಗಲಿಲ್ಲವೆಂಬ ಕಥೆಯನ್ನು. ಒಂದು ‘ಯಾಕೆ’ ಇನ್ನೊಂದು ‘ಯಾಕೆ’ಗೆ ಸರಪಳಿಯಂತೆ ಕೊಂಡಿ ಹಾಕುವ ಆ ಕಥೆ, ಮಕ್ಕಳ ಪ್ರಶ್ನೆಗಳಿಂದ ಬೇಸತ್ತ ದೊಡ್ಡವರಿಗೂ ಒಂದು ಪಾಠ. ಮನೆಯಂಗಳದಲ್ಲಿ ಹಾವು ಕಂಡರೆ ಎದೆಯೊಡೆಯುತ್ತಿದ್ದ ಸೀಮೆಯಲ್ಲಿ ಅವರು ನಾಗರಹಾವನ್ನೇ ಮಾತಾಡಿಸಿ ಹಾಡು ಕಟ್ಟಿದರು. ಗುಮ್ಮನಿಗೆ ಹೆದರಿದ ಕೃಷ್ಣನಿಂದ ಹಾವನ್ನು ಮಾತಾಡಿಸುವ ಹುಡುಗನವರೆಗೆ ಕನ್ನಡದ ಮಗು ನಾನೂರು ವರ್ಷ ನಡೆದುಬಂದಿತ್ತು.

ಜಿ. ಪಿ. ರಾಜರತ್ನಂ ಅವರು ಕುಡುಕ ರತ್ನನ ಪದಗಳಿಂದ ಹೆಸರಾದವರು. ಅವರೇ ಮಕ್ಕಳಿಗಾಗಿ ತುತ್ತೂರಿಯನ್ನೂ ನಾಯಿಮರಿಯನ್ನೂ ಹಾಡಿದರು. ಆ ಪದ್ಯಗಳ ಸ್ವಾರಸ್ಯವೆಲ್ಲ ನಾಲಗೆಯ ಮೇಲಿದೆ. ಹೇಳುತ್ತಿದ್ದರೆ ದೊಡ್ಡವನೂ ತಾಳ ಹಾಕುತ್ತಾನೆ. ಶಿವರಾಮ ಕಾರಂತರು ಪುತ್ತೂರಿನ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗ ನಡೆಸಿ, 1936ರಲ್ಲಿ ‘ಬಾಲಪ್ರಪಂಚ’ದ ಸಂಪುಟಗಳನ್ನು ಹೊರತಂದರು. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮನವರು 1938ರಲ್ಲಿ ಮಕ್ಕಳ ಕೂಟವನ್ನು ಕಟ್ಟಿದರು. ಅವರು ಬಾಲ್ಯದಲ್ಲೇ ವಿಧವೆಯಾದವರು, ‘ಸರಸ್ವತಿ’ ಪತ್ರಿಕೆಯನ್ನು ನಡೆಸಿದವರು. ಬಾಲವಿಧವೆಯನ್ನು ತೊಟ್ಟಿಲ ಹತ್ತಿರಕ್ಕೆ ಬರಗೊಡದ ಸಮಾಜದಲ್ಲಿ ಅಂಥ ಒಬ್ಬ ಹೆಂಗಸು ಊರಿನ ಮಕ್ಕಳಿಗೆಲ್ಲ ಒಂದು ಅಂಗಳವನ್ನು ತೆರೆದರೆಂಬುದು ನನ್ನ ದೃಷ್ಟಿಯಲ್ಲಿ ಒಂದು ಮಹಾಕಾವ್ಯಕ್ಕೆ ಕಡಮೆಯಾದ ಕೆಲಸವಲ್ಲ.

ಹೊರಗಿನಿಂದಲೂ ಒಂದು ಗಾಳಿ ಬೀಸಿತು. 1907ರಲ್ಲಿ ರೋಮ್ ನಗರದ ಬಡವರ ಕೇರಿಯಲ್ಲಿ ಶಿಶುಮಂದಿರ ತೆರೆದ ಮರಿಯಾ ಮಾಂಟೆಸ್ಸೊರಿ 1939ರಲ್ಲಿ ಮದರಾಸಿನ ಅಡ್ಯಾರಿಗೆ ಬಂದು, ಯುದ್ಧದ ಕಾರಣದಿಂದ 1946ರವರೆಗೂ ಇಂಡಿಯಾದಲ್ಲೇ ಉಳಿದು ಶಿಕ್ಷಕರನ್ನು ತರಬೇತುಗೊಳಿಸಿದರು. ಅವರು ಹೇಳಿರುವ ಒಂದು ಪ್ರಸಂಗ ನಮ್ಮ ವಿಷಯಕ್ಕೆ ಬಹಳ ಹತ್ತಿರದ್ದು. ಒಂದು ದಿನ ನಾಲ್ಕು ತಿಂಗಳ ಹಸುಳೆಯೊಂದನ್ನು ಎತ್ತಿಕೊಂಡು ಅವರು ಶಿಶುಮಂದಿರದೊಳಕ್ಕೆ ಹೋದರು; ಈ ಮಗು ಎಷ್ಟು ಸುಮ್ಮನಿದೆ ನೋಡಿ, ಇದರಷ್ಟು ಮೆಲ್ಲಗೆ ನೀವು ಉಸಿರಾಡಬಲ್ಲಿರಾ ಎಂಬ ಅರ್ಥದ ಮಾತಾಡಿದರು. ಮಕ್ಕಳೆಲ್ಲ ಉಸಿರು ಬಿಗಿಹಿಡಿದು ನಿಶ್ಶಬ್ದವಾದರು. ಮೌನವನ್ನು ಬೆತ್ತದಿಂದ ತರುವುದಲ್ಲ, ಹಸುಳೆಯಿಂದ ಕಲಿಯುವುದು. ನಮ್ಮ ಗರತಿಗೆ ಈ ಮಾತನ್ನು ಹೇಳಿದ್ದರೆ ಅವಳಿಗೆ ಹೊಸದೆನಿಸುತ್ತಿರಲಿಲ್ಲ.

ಬೀಸುವ ಕಲ್ಲಿನ ಕಥೆ ಮುಂದೇನಾಯಿತು? ಊರೂರಿಗೆ ಹಿಟ್ಟಿನ ಗಿರಣಿ ಬಂದಿತು. ಕಲ್ಲು ಮೂಲೆ ಸೇರಿತು. ಅದರೊಡನೆ ಹಾಡೂ ನಿಂತಿತು. ಜಾನಪದ ವಿದ್ವಾಂಸರು ಇದಕ್ಕಾಗಿ ಮರುಗುವುದುಂಟು. ನಾನು ಮರುಗಲಾರೆ. ನಸುಕಿನಲ್ಲಿ ಎದ್ದು ತೋಳು ಬಿದ್ದುಹೋಗುವಂತೆ ಬೀಸಬೇಕಾಗಿದ್ದ ಹೆಂಗಸಿಗೆ ಎರಡು ಗಳಿಗೆ ಹೆಚ್ಚು ನಿದ್ದೆ ಸಿಕ್ಕಿದ್ದು ಯಾವ ಹಾಡಿಗಿಂತಲೂ ಕಡಮೆಯಲ್ಲ. ಸಿಡುಬು 1975ರ ಹೊತ್ತಿಗೆ ಈ ದೇಶದಿಂದ ತೊಲಗಿತು. ಅದೇ ವರ್ಷದ ಅಕ್ಟೋಬರ್ 2ರಂದು ಶಿಶು ಅಭಿವೃದ್ಧಿ ಯೋಜನೆ ದೇಶದ 33 ಕಡೆ ಮೊದಲಾದಾಗ ನಮ್ಮ ನಾಡಿನಲ್ಲಿ ಅದಕ್ಕೆ ಆರಿಸಿದ ಸ್ಥಳ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಂಗನವಾಡಿ ಎಂಬ ಮಾತು ಹಳ್ಳಿಹಳ್ಳಿಗೂ ಪರಿಚಿತವಾದದ್ದು ಆ ಮೇಲೆ. ಸರ್ಕಾರದ 2020ರ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಂದು ವರ್ಷ ತುಂಬುವ ಮೊದಲು ಸಾಯುವ ಶಿಶುಗಳು ಸಾವಿರಕ್ಕೆ 19. ಇನ್ನೂರೆಲ್ಲಿ, ಹತ್ತೊಂಬತ್ತೆಲ್ಲಿ! ಹತ್ತೊಂಬತ್ತೂ ಹೆಚ್ಚೇ. ಆದರೂ ಕಪ್ಪು ಬೊಟ್ಟು ಇಟ್ಟು, ಉಪ್ಪು ನಿವಾಳಿಸಿ, ತಿಪ್ಪ ಎಂದು ಹೆಸರಿಟ್ಟು ನಮ್ಮ ಮುತ್ತಜ್ಜಿಯರು ಬೇಡಿದ ವರ ಬಹುಪಾಲು ನಮಗೆ ದೊರೆತಿದೆ. ಮಕ್ಕಳು ಉಳಿಯುತ್ತಾರೆ.

ವರ ದೊರೆತ ಮೇಲೆಯೂ ನೆಮ್ಮದಿಯಿಲ್ಲವೆಂದು ನಾವು ಹೇಳುತ್ತಿದ್ದೇವಲ್ಲ, ಇದಕ್ಕೆ ಕಾರಣವೇನು? ಒಂದು ಕಾರಣ ಕಣ್ಣಿಗೆ ಕಾಣುವಂಥದು. ಹಳೆಯ ಮನೆಯಲ್ಲಿ ಒಂದು ಕೂಸಿಗೆ ಹತ್ತು ಕೈಗಳಿದ್ದವು. ಇಂದು ಮೂರನೆಯ ಮಹಡಿಯ ಎರಡು ಕೋಣೆಯ ಮನೆಯಲ್ಲಿ ಒಬ್ಬಳೇ ತಾಯಿ, ಒಂದೇ ಮಗು. ತಾಯಿಗೂ ಕಚೇರಿಯ ವೇಳೆ. ಅವಳಿಗೆ ಗರತಿಯ ಹಾಡನ್ನು ತೋರಿಸಿ ‘ಹೀಗಿರು’ ಎಂದು ಬೋಧಿಸುವುದು ಅನ್ಯಾಯ. ಆ ಬೋಧನೆ ಸಲ್ಲಬೇಕಾದದ್ದು ಮೊದಲು ಗಂಡಸರಿಗೆ. ಗಡಿಯಾರ ನಮ್ಮನ್ನು ಬಾಗಿಲ ಹೊರಗೆ ನಿಲ್ಲಿಸಿತೆಂಬ ನೆಪ ಇನ್ನು ಸಾಗದು. ಮಗುವಿನ ಬಟ್ಟೆ ಮಡಿಸುವುದು, ಅವರೆಕಾಯಿ ಸುಲಿಯುವುದು, ಸ್ನಾನ ಮಾಡಿಸುವುದು ಇವೆಲ್ಲ ಕೈಯನ್ನು ಕಟ್ಟಿಹಾಕಿ ಮನಸ್ಸನ್ನು ಬಿಟ್ಟುಕೊಡುವ ಕೆಲಸಗಳೇ. ನನ್ನ ಮಗಳು ಮೂರು ವರ್ಷದವಳಿದ್ದಾಗ ನಾನು ಅವರೆಕಾಯಿ ಸುಲಿಯುತ್ತ ಕುಳಿತರೆ ಅವಳು ಒಂದೊಂದೇ ಕಾಳನ್ನು ಎತ್ತಿ ಬಟ್ಟಲಿಗೆ ಹಾಕುತ್ತ, ಪ್ರತಿಯೊಂದು ಕಾಳಿಗೂ ಒಂದು ಹೆಸರಿಡುತ್ತಿದ್ದಳು. ಅರ್ಧ ಗಂಟೆಯ ಕೆಲಸಕ್ಕೆ ಎರಡು ಗಂಟೆ ಹಿಡಿಯುತ್ತಿತ್ತು. ಆ ಎರಡು ಗಂಟೆಗಳಿಗೆ ಸಮನಾದ ವಿಶ್ರಾಂತಿಯನ್ನು ನಾನು ಯಾವ ರಜೆಯಲ್ಲೂ ಕಂಡಿಲ್ಲ.

ಇನ್ನೊಂದು ಕಾರಣ ಒಳಗಿನದು. ಅದೇ ಮುಖ್ಯವಾದದ್ದೆಂದು ನನ್ನ ಅಭಿಪ್ರಾಯ. ನಮ್ಮ ಮುತ್ತಜ್ಜಿಗೆ ಮಗು ನಾಳೆ ಇರುತ್ತದೆಯೇ ಎಂಬ ಭಯವಿತ್ತು. ನಮಗೆ ನಾಳೆ ಅದು ಏನಾಗುತ್ತದೆ ಎಂಬ ಭಯ. ಎರಡು ವರ್ಷದ ಮಗು ಬಾಯಿ ತೆರೆದರೆ ನಮಗೆ ಕಾಣುವುದು ಅದರ ಹಲ್ಲುಗಳಲ್ಲ. ಅಲ್ಲಿ ಇಂಗ್ಲಿಷ್ ಶಾಲೆಯ ಅರ್ಜಿ, ಪ್ರವೇಶ ಪರೀಕ್ಷೆಯ ರ‍್ಯಾಂಕು, ಇಂಜಿನಿಯರಿಂಗ್ ಕಾಲೇಜು, ವಿಮಾನ ನಿಲ್ದಾಣ ಎಲ್ಲ ಸಾಲುಸಾಲಾಗಿ ಕಾಣುತ್ತವೆ. ನಾವೂ ಯಶೋದೆಯಂತೆ ಬ್ರಹ್ಮಾಂಡವನ್ನು ಕಾಣುತ್ತೇವೆ. ಕಂಡು ಬೆದರುತ್ತೇವೆ. ಅಲ್ಲಿಯವರೆಗೆ ನಮಗೂ ಅವಳಿಗೂ ಭೇದವಿಲ್ಲ. ಆಮೇಲೆ ಅವಳು ಮಾಡಿದ ಕೆಲಸವೊಂದನ್ನು ಮಾತ್ರ ನಾವು ಮಾಡುವುದಿಲ್ಲ: ಅವಳು ಮರೆತಳು.

ಮಗುವಿನ ಮುಂದಿನ ಬಾಳನ್ನು ಚಿಂತಿಸಬಾರದೆಂದು ನಾನು ಹೇಳುತ್ತಿಲ್ಲ. ಅದನ್ನು ಚಿಂತಿಸದ ತಂದೆತಾಯಿಗಳಿಲ್ಲ. ಅದಕ್ಕೆ ಬೇರೆ ಹೊತ್ತಿದೆ. ಬಾಯಿ ತೆರೆದು ಕುಳಿತ ಮಗುವಿಗೆ ಬೇಕಾದದ್ದು ಸದ್ಯಕ್ಕೆ ಒಂದು ತುತ್ತು ಮೊಸರನ್ನ. ಅದನ್ನು ಕೊಡುವಷ್ಟು ಹೊತ್ತಾದರೂ ಬ್ರಹ್ಮಾಂಡವನ್ನು ಮರೆಯಲು ಸಾಧ್ಯವಾದರೆ, ಮಗುವಿನ ಹೊಟ್ಟೆಯೂ ತುಂಬುತ್ತದೆ, ನಮಗೂ ಅಷ್ಟರಲ್ಲಿ ಉಸಿರು ತಿರುಗುತ್ತದೆ.